‘ಕ್ಯಾನ್ಸಲ್ ಒತ್ತಿದರೂ ವೈರಸ್ ಬರುತ್ತೆ’ ಅನ್ನುವುದು ನಿಜವೇ? ಕಂಪ್ಯೂಟರಿನ ಪುಟ್ಟ ಪೆಟ್ಟಿಗೆಗಳ ಹಿಂದಿನ ಕಥೆ

“ಕಂಪ್ಯೂಟರ್ ಪರದೆ ಮೇಲೆ ದಿಢೀರನೆ ಪೆಟ್ಟಿಗೆ ಬಂದರೆ ಓಕೆ ಒತ್ತಬೇಡಿ, ಕ್ಯಾನ್ಸಲ್ ಒತ್ತಬೇಡಿ, ಮೂಲೆಯ ಇಂಟು ಗುರುತನ್ನೂ ಮುಟ್ಟಬೇಡಿ. ಯಾವುದನ್ನು ಒತ್ತಿದರೂ ವೈರಸ್ ಒಳಗೆ ಬರುತ್ತದೆ. ಕೂಡಲೇ ಪ್ಲಗ್ ಕಿತ್ತುಬಿಡಿ. ಎಲ್ಲರಿಗೂ ಫಾರ್ವರ್ಡ್ ಮಾಡಿ.”

ಈ ಅರ್ಥದ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಒಮ್ಮೆಯಾದರೂ ಬಂದಿರಬಹುದು. ಇದನ್ನು ಪೂರ್ತಿ ಸುಳ್ಳು ಎಂದು ತಳ್ಳಿಹಾಕುವಂತಿಲ್ಲ, ನಿಜ ಎಂದು ನಂಬಿ ಪ್ಲಗ್ ಕೀಳುವಂತೆಯೂ ಇಲ್ಲ. ಪರದೆ ಮೇಲೆ ಕಾಣುವ ಪೆಟ್ಟಿಗೆಗಳಲ್ಲಿ ಎರಡು ಜಾತಿ ಇವೆ. ಒಂದು, ನಿಜವಾದ ಡೈಲಾಗ್ ಬಾಕ್ಸ್. ಇನ್ನೊಂದು, ಡೈಲಾಗ್ ಬಾಕ್ಸ್‌ನ ಚಿತ್ರ. ಮೊದಲನೆಯದರಲ್ಲಿ ಕ್ಯಾನ್ಸಲ್ ಎಂದರೆ ಕ್ಯಾನ್ಸಲ್. ಎರಡನೆಯದರಲ್ಲಿ ಕ್ಯಾನ್ಸಲ್ ಎಂಬುದು ಬರೀ ಬಣ್ಣ ಬಳಿದ ಜಾಗ. ಈ ವ್ಯತ್ಯಾಸ ಅರ್ಥವಾಗಬೇಕಾದರೆ ನಿಜವಾದ ಪೆಟ್ಟಿಗೆಯನ್ನು ಸಾಫ್ಟ್‌ವೇರ್ ಬರೆಯುವವರು ಹೇಗೆ ತಯಾರಿಸುತ್ತಾರೆ ಎಂಬುದನ್ನು ಸ್ವಲ್ಪ ನೋಡಬೇಕು. ಕೋಡಿಂಗ್ ಗೊತ್ತಿಲ್ಲದಿದ್ದರೆ ಚಿಂತೆ ಇಲ್ಲ, ಲಗ್ನಪತ್ರಿಕೆ ಗೊತ್ತಿದ್ದರೆ ಸಾಕು.

ಊರಿನ ಪ್ರಿಂಟಿಂಗ್ ಪ್ರೆಸ್‌ಗೆ ಹೋಗಿ ಲಗ್ನಪತ್ರಿಕೆ ಮಾಡಿಸಿ ಎಂದರೆ ಅವರು ಖಾಲಿ ಹಾಳೆಯಿಂದ ಶುರು ಮಾಡುವುದಿಲ್ಲ. ಮೇಲೆ ಗಣಪತಿ, ಸುತ್ತ ಅಂಚು, ಮುಹೂರ್ತಕ್ಕೊಂದು ಜಾಗ, ಕೆಳಗೆ ‘ಸುಖಾಗಮನ ಬಯಸುವವರು’ – ಇಷ್ಟು ಮೊದಲೇ ತಯಾರಿರುತ್ತದೆ. ನೀವು ಕೊಡುವುದು ವಧೂವರರ ಹೆಸರು, ದಿನಾಂಕ, ಛತ್ರದ ವಿಳಾಸ. ಅದೇ ನಮೂನೆಯನ್ನು ಸ್ವಲ್ಪ ತಿದ್ದಿ ಗೃಹಪ್ರವೇಶಕ್ಕೂ ನಾಮಕರಣಕ್ಕೂ ಬಳಸುತ್ತಾರೆ. ಪತ್ರಿಕೆ ಕೈಗೆ ಬಂದ ಕೂಡಲೇ ಓದುವವರ ಕಣ್ಣು ತಾನಾಗಿ ದಿನಾಂಕದ ಜಾಗಕ್ಕೆ ಹೋಗುತ್ತದೆ. ಎಲ್ಲ ಪತ್ರಿಕೆಗಳೂ ಒಂದೇ ಥರ ಇರುವುದರ ಲಾಭ ಇದು.

ಸಾಫ್ಟ್‌ವೇರ್‌ನಲ್ಲಿ ಇಂಥ ನಮೂನೆಗೆ ‘ಬೇಸ್ ಕ್ಲಾಸ್’ ಎನ್ನುತ್ತಾರೆ. ಎಲ್ಲ ಪೆಟ್ಟಿಗೆಗಳಿಗೂ ಸಮಾನವಾದ ಗುಣಗಳನ್ನು ಒಂದು ಕಡೆ ಬರೆದಿಟ್ಟು, ಉಳಿದ ಪೆಟ್ಟಿಗೆಗಳು ಅದರಿಂದ ಆ ಗುಣಗಳನ್ನು ಬಳುವಳಿಯಾಗಿ ಪಡೆಯುವಂತೆ ಮಾಡುವುದು. ಈ ಬಳುವಳಿಯ ಯೋಚನೆ ಹೊಸದಲ್ಲ. ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನೈಗಾರ್ಡ್ ರೂಪಿಸಿದ ‘ಸಿಮ್ಯುಲಾ 67’ ಎಂಬ ಭಾಷೆಯಲ್ಲೇ ಇದಿತ್ತು. ಈ ಕೆಲಸಕ್ಕಾಗಿ ಇಬ್ಬರಿಗೂ 2001ರ ಟ್ಯೂರಿಂಗ್ ಪ್ರಶಸ್ತಿ ಸಿಕ್ಕಿತು. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನಲ್ಲೂ ಇದೇ ಏರ್ಪಾಡು ಇದೆ. ‘ಡೈಲಾಗ್’ ಎಂಬುದು ಬೇಸ್ ಕ್ಲಾಸ್, ‘ಅಲರ್ಟ್‌ಡೈಲಾಗ್’ ಅದರ ಮಗು, ದಿನಾಂಕ ಆರಿಸುವ ಕ್ಯಾಲೆಂಡರ್ ಪೆಟ್ಟಿಗೆ ಮೊಮ್ಮಗು.

ಇದನ್ನು ಬರೀ ಓದಿ ಬರೆಯುವ ಬದಲು ಮಾಡಿಯೇ ನೋಡೋಣ ಎಂದು ನಾವು ಒಂದು ಚಿಕ್ಕ ಡೆಸ್ಕ್‌ಟಾಪ್ ಅಪ್ಲಿಕೇಷನ್ ಬರೆದೆವು. ನಾವು ಎಂದರೆ, ಮುಖ್ಯವಾಗಿ ನಮ್ಮ ತಂಡದಲ್ಲಿ ಕೋಡ್ ಬರೆಯಬಲ್ಲ ಗೆಳತಿ. ಉಳಿದವರು ಪಕ್ಕದಲ್ಲಿ ಕೂತು ಪ್ರಶ್ನೆ ಕೇಳಿದೆವು. ಊರಿನ ಪುಟ್ಟ ಗ್ರಂಥಾಲಯಕ್ಕೆ ಆಗುವಂಥ ಪುಸ್ತಕದ ಲೆಕ್ಕ ಅದು. ಭಾಷೆ ಪೈಥಾನ್, ಕಿಟಕಿ ಬಟನ್‌ಗಳಿಗೆ ಕ್ಯೂಟಿ ಎಂಬ ಸಲಕರಣೆ. ಮೂರು ಪೆಟ್ಟಿಗೆ ಬೇಕಿತ್ತು. ಹೊಸ ಸದಸ್ಯರನ್ನು ಸೇರಿಸಲು ಒಂದು, ಪುಸ್ತಕ ಎರವಲು ಕೊಡಲು ಇನ್ನೊಂದು, ಹಳೆಯ ದಾಖಲೆ ಅಳಿಸಲು ಮತ್ತೊಂದು.

ಮೊದಲು ಬೇಸ್ ಕ್ಲಾಸ್ ಗೊಡವೆಯೇ ಬೇಡವೆಂದು ಮೂರನ್ನೂ ಬೇರೆಬೇರೆಯಾಗಿ ಬರೆದೆವು. ಒಂದನ್ನು ಬರೆದು, ಕಾಪಿ ಮಾಡಿ, ಎರಡನೆಯದಕ್ಕೆ ಅಂಟಿಸಿ ತಿದ್ದಿದ್ದು. ಮೂರನೆಯದಕ್ಕೂ ಹಾಗೆಯೇ. ಒಂದೇ ಸಂಜೆಯಲ್ಲಿ ಮುಗಿಯಿತು, ಎಲ್ಲ ಚೆನ್ನಾಗಿ ಕಾಣುತ್ತಿತ್ತು.

ಮಾರನೆಯ ದಿನ ಬಳಸಿ ನೋಡಿದಾಗ ಒಂದೊಂದೇ ಬಣ್ಣ ಬಯಲಾಯಿತು. ಸದಸ್ಯರ ಪೆಟ್ಟಿಗೆಯಲ್ಲಿ ಅರ್ಧ ವಿವರ ತುಂಬಿ ಕ್ಯಾನ್ಸಲ್ ಒತ್ತಿದರೆ “ತುಂಬಿದ್ದನ್ನು ಬಿಟ್ಟುಬಿಡಲೇ?” ಎಂದು ಕೇಳುತ್ತಿತ್ತು. ಆದರೆ ಕೀಲಿಮಣೆಯ ಎಸ್ಕೇಪ್ ಒತ್ತಿದರೆ ಏನೂ ಕೇಳದೆ ಎಲ್ಲವನ್ನೂ ಅಳಿಸಿ ಮುಚ್ಚಿಕೊಳ್ಳುತ್ತಿತ್ತು. ಕಾರಣ ಸರಳ. ಪ್ರಶ್ನೆ ಕೇಳುವ ಕೋಡನ್ನು ನಾವು ಕ್ಯಾನ್ಸಲ್ ಬಟನ್‌ಗೆ ಮಾತ್ರ ಕಟ್ಟಿದ್ದೆವು, ಎಸ್ಕೇಪ್ ಬೇರೆ ದಾರಿಯಲ್ಲಿ ಹೊರಗೆ ಹೋಗುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಅಳಿಸುವ ಪೆಟ್ಟಿಗೆ. ಅಲ್ಲಿ ಎಂಟರ್ ಕೀಲಿ ‘ಅಳಿಸು’ ಬಟನ್‌ಗೆ ಅಂಟಿಕೊಂಡಿತ್ತು. ಹೊಸ ಪೆಟ್ಟಿಗೆ ಬಂದಾಗ ಓದದೆ ಎಂಟರ್ ಒತ್ತುವ ಅಭ್ಯಾಸ ಯಾರಿಗಿಲ್ಲ? ಒಂದು ಸಲ ಒತ್ತಿದ್ದಕ್ಕೆ ನಮ್ಮ ಪರೀಕ್ಷೆಯ ದಾಖಲೆ ಮಾಯವಾಯಿತು. ನಿಜವಾದ ಗ್ರಂಥಾಲಯವಾಗಿದ್ದರೆ ಯಾರದೋ ಹೆಸರು ಪಟ್ಟಿಯಿಂದ ಹೋಗಿರುತ್ತಿತ್ತು.

ಆಗ ಮೂರನ್ನೂ ಪಕ್ಕಕ್ಕಿಟ್ಟು ಬೇಸ್ ಕ್ಲಾಸ್ ಬರೆಯಲು ಕೂತೆವು. ಕಷ್ಟದ ಪ್ರಶ್ನೆ ‘ಕೋಡ್ ಹೇಗೆ ಬರೆಯುವುದು’ ಎಂಬುದಲ್ಲ. ‘ಯಾವುದು ನಮೂನೆಗೆ ಸೇರಬೇಕು, ಯಾವುದು ಸೇರಬಾರದು’ ಎಂಬುದು.

ಪೆಟ್ಟಿಗೆಯ ಶೀರ್ಷಿಕೆ, ಅದು ಯಾವ ಕಿಟಕಿಗೆ ಸೇರಿದ್ದು, ಎಲ್ಲಿ ತೆರೆದುಕೊಳ್ಳಬೇಕು, ಉತ್ತರ ಕೊಡುವ ತನಕ ಹಿಂದಿನ ಕಿಟಕಿ ಬೀಗ ಹಾಕಿದಂತೆ ಇರಬೇಕೇ ಬೇಡವೇ – ಇವೆಲ್ಲ ನಮೂನೆಯ ಪಾಲು. ಕೆಳಗಿನ ಬಟನ್‌ಗಳ ಸಾಲೂ ಅಷ್ಟೆ. ಸದಸ್ಯರ ಹೆಸರು, ಪುಸ್ತಕದ ಸಂಖ್ಯೆ ಇಂಥವು ಆಯಾ ಪೆಟ್ಟಿಗೆಯ ಸ್ವಂತ ವಿಷಯ. ನಮೂನೆಗೆ ಅವುಗಳ ಸುದ್ದಿಯೇ ಬೇಡ. ನಮೂನೆ ಪ್ರತಿ ಪೆಟ್ಟಿಗೆಗೂ ಎರಡೇ ಪ್ರಶ್ನೆ ಕೇಳುತ್ತದೆ: “ನಿನ್ನಲ್ಲಿ ತುಂಬಿದ್ದು ಸರಿಯಾಗಿದೆಯೇ? ಉಳಿಸದೆ ಬಿಟ್ಟದ್ದೇನಾದರೂ ಇದೆಯೇ?” ಮೊದಲನೆಯದಕ್ಕೆ ಹೌದು ಎಂಬ ಉತ್ತರ ಬಂದರೆ ಮಾತ್ರ ಓಕೆ ಬಟನ್ ಜೀವ ಪಡೆಯುತ್ತದೆ. ಎರಡನೆಯದಕ್ಕೆ ಹೌದು ಎಂದರೆ ಮುಚ್ಚುವ ಮುನ್ನ ಬಳಕೆದಾರರನ್ನು ಕೇಳುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಹೊರಗೆ ಹೋಗುವ ಬಾಗಿಲು. ಕ್ಯಾನ್ಸಲ್ ಬಟನ್, ಎಸ್ಕೇಪ್ ಕೀಲಿ, ಮೂಲೆಯ ಇಂಟು ಗುರುತು – ಬಳಕೆದಾರರ ಮನಸ್ಸಿನಲ್ಲಿ ಈ ಮೂರಕ್ಕೂ ಒಂದೇ ಅರ್ಥ, “ಬೇಡ, ಬಿಡು”. ಹಾಗಾಗಿ ಒಳಗೂ ಮೂರೂ ಒಂದೇ ಬಾಗಿಲಿನಿಂದ ಹೋಗಬೇಕು. ಆ ಬಾಗಿಲಲ್ಲಿ ಒಬ್ಬ ಕಾವಲುಗಾರ ನಿಂತರೆ ಸಾಕು, ಮೂರು ಕಡೆ ನಿಲ್ಲಿಸಬೇಕಿಲ್ಲ. ವಿಂಡೋಸ್‌ನಲ್ಲಿ ಇದು ಮೊದಲಿಂದಲೂ ಇರುವ ಪದ್ಧತಿ. ಓಕೆಗೆ 1, ಕ್ಯಾನ್ಸಲ್‌ಗೆ 2 ಎಂದು ಸಂಖ್ಯೆ ಕೊಟ್ಟಿದ್ದಾರೆ. ಎಸ್ಕೇಪ್ ಒತ್ತಿದರೂ ಇಂಟು ಗುರುತು ಒತ್ತಿದರೂ ಸಾಮಾನ್ಯ ಡೈಲಾಗಿಗೆ ತಲುಪುವುದು ಆ 2 ಎಂಬ ಸಂಖ್ಯೆಯೇ. ಕ್ಯೂಟಿಯಲ್ಲೂ ಇಂಥ ಒಂದೇ ಬಾಗಿಲು ಇದೆ, ಅದರ ಹೆಸರು ‘ರಿಜೆಕ್ಟ್’. ನಾವು ಮಾಡಿದ ತಪ್ಪು, ಆ ಬಾಗಿಲನ್ನು ಬಿಟ್ಟು ಬಟನ್ ಪಕ್ಕ ಕಾವಲು ನಿಲ್ಲಿಸಿದ್ದು.

ನೀವು ಒಂದು ವಿಚಿತ್ರ ಗಮನಿಸಿರಬಹುದು. ವಿಂಡೋಸ್‌ನ ಕೆಲವು ಪೆಟ್ಟಿಗೆಗಳಲ್ಲಿ ‘ಹೌದು’, ‘ಇಲ್ಲ’ ಎಂಬ ಎರಡೇ ಬಟನ್ ಇರುತ್ತವೆ, ಇಂಟು ಗುರುತು ಮಸುಕಾಗಿ ಒತ್ತಲು ಬರುವುದಿಲ್ಲ. ಕಂಪ್ಯೂಟರ್ ಕೆಟ್ಟಿದೆ ಎಂದು ಭಯಪಡಬೇಡಿ. ಆ ಪೆಟ್ಟಿಗೆಯಲ್ಲಿ ‘ಬೇಡ, ಬಿಡು’ ಎಂಬ ಉತ್ತರವೇ ಇಲ್ಲ. ಇಂಟು ಒತ್ತಿದರೆ ಹೌದು ಎಂದುಕೊಳ್ಳಬೇಕೋ ಇಲ್ಲ ಎಂದುಕೊಳ್ಳಬೇಕೋ ತಿಳಿಯದ್ದರಿಂದ ವ್ಯವಸ್ಥೆ ಅದನ್ನು ಬಂದ್ ಮಾಡುತ್ತದೆ. ಊಹೆ ಮಾಡುವುದಕ್ಕಿಂತ ಇದು ವಾಸಿ.

ಬಟನ್ ಮೇಲೆ ಏನು ಬರೆಯಬೇಕು ಎಂಬುದೂ ಚಿಕ್ಕ ವಿಷಯವಲ್ಲ. 1983ರಲ್ಲಿ ಆಪಲ್ ಕಂಪನಿ ಲೀಸಾ ಎಂಬ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು. ಅದನ್ನು ರೂಪಿಸುವಾಗ ಓಕೆ ಇರುವ ಜಾಗದಲ್ಲಿ ‘ಡು ಇಟ್’, ಅಂದರೆ ‘ಮಾಡು’, ಎಂದು ಬರೆದಿದ್ದರು. ಹೊಸಬರನ್ನು ಕೂರಿಸಿ ಪರೀಕ್ಷೆ ಮಾಡಿದಾಗ ಕೆಲವರು ಆ ಬಟನ್ ಕಂಡು ತಡವರಿಸುತ್ತಿದ್ದರು. ಒಬ್ಬರಿಗೆ ಸಿಟ್ಟೇ ಬಂತು. ಇಂಗ್ಲಿಷ್‌ನ ದೊಡ್ಡ ‘ಐ’ ಮತ್ತು ಚಿಕ್ಕ ‘ಎಲ್’ ಆ ಅಕ್ಷರಶೈಲಿಯಲ್ಲಿ ಒಂದೇ ಥರ ಕಾಣುತ್ತಿದ್ದವು, ಎರಡು ಪದಗಳ ನಡುವಿನ ಜಾಗವೂ ಕಡಿಮೆ ಇತ್ತು. ಹಾಗಾಗಿ ಅವರು ಅದನ್ನು ‘ಡೋಲ್ಟ್’ ಎಂದು ಓದಿಕೊಂಡಿದ್ದರು. ಡೋಲ್ಟ್ ಎಂದರೆ ದಡ್ಡ! ಕಂಪ್ಯೂಟರ್ ನನ್ನನ್ನೇಕೆ ದಡ್ಡ ಎನ್ನುತ್ತಿದೆ ಎಂಬುದು ಅವರ ಪ್ರಶ್ನೆ. ಬಟನ್ ಮೇಲಿನ ಬರಹ ‘ಓಕೆ’ ಎಂದು ಬದಲಾಯಿತು.

ಬಟನ್‌ಗಳ ಕ್ರಮದಲ್ಲೂ ಜಗಳವಿದೆ. ವಿಂಡೋಸ್‌ನಲ್ಲಿ ಓಕೆ ಮೊದಲು, ಅದರ ಬಲಕ್ಕೆ ಕ್ಯಾನ್ಸಲ್. ಮ್ಯಾಕ್‌ನಲ್ಲಿ ಓಕೆ ಬಲತುದಿಗೆ, ಕ್ಯಾನ್ಸಲ್ ಅದರ ಎಡಕ್ಕೆ. ಒಂದರಿಂದ ಇನ್ನೊಂದಕ್ಕೆ ಹೋದವರ ಬೆರಳು ತಪ್ಪುವುದು ಇದರಿಂದಲೇ. ಬೇಸ್ ಕ್ಲಾಸ್ ಇದ್ದರೆ ಈ ಕ್ರಮವನ್ನು ಒಂದೇ ಕಡೆ ನಿರ್ಧರಿಸಬಹುದು. ಕ್ಯೂಟಿಯ ಬಟನ್ ಸಾಲು ಎಂಬ ಸಿದ್ಧ ವಸ್ತು, ಯಾವ ಕಂಪ್ಯೂಟರ್‌ನಲ್ಲಿ ಓಡುತ್ತಿದ್ದೇನೆ ಎಂದು ನೋಡಿಕೊಂಡು ಬಟನ್‌ಗಳನ್ನು ತಾನೇ ಜೋಡಿಸುತ್ತದೆ.

ಇನ್ನು ಕನ್ನಡದ ವಿಷಯ. ಕಂಪ್ಯೂಟರನ್ನು ಕನ್ನಡದಲ್ಲಿ ಬಳಸಲು ಹೋಗಿ, ಬಟನ್ ಮೇಲಿನ ಪದ ಅರ್ಧಕ್ಕೆ ಕತ್ತರಿಸಿದ್ದನ್ನು ಕಂಡು ಇಂಗ್ಲಿಷ್‌ಗೆ ವಾಪಸಾದವರು ನಮ್ಮಲ್ಲೇ ಇದ್ದಾರೆ. ಅನುವಾದಕರನ್ನು ಬೈಯುವ ಮೊದಲು ನಮೂನೆಯನ್ನು ನೋಡಿ. ಹಳೆಯ ಕಾಲದ ಪೆಟ್ಟಿಗೆಗಳಲ್ಲಿ ಪ್ರತಿ ಬಟನ್‌ಗೂ ಇಷ್ಟೇ ಅಗಲ, ಇಷ್ಟೇ ಎತ್ತರ, ಇಲ್ಲೇ ಜಾಗ ಎಂದು ಅಳತೆ ಬರೆದಿಡುತ್ತಿದ್ದರು. ಆ ಅಳತೆ ಇಂಗ್ಲಿಷ್ ಪದಕ್ಕೆ ಹೊಲಿದ ಅಂಗಿ. ‘ಕ್ಯಾನ್ಸಲ್’ಗೆ ಸರಿಹೋದ ಜಾಗದಲ್ಲಿ ‘ರದ್ದುಗೊಳಿಸು’ ಹಿಡಿಸುವುದಿಲ್ಲ. ಕನ್ನಡದ ಒತ್ತಕ್ಷರಗಳು ಕೆಳಕ್ಕೂ ಇಳಿಯುವುದರಿಂದ ಎತ್ತರವೂ ಸಾಲದು.

ಕನ್ನಡದಲ್ಲೂ ಸಿಗುವ ಉಚಿತ ತಂತ್ರಾಂಶ ಲಿಬ್ರೆಆಫೀಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಇಂಥ ಪೆಟ್ಟಿಗೆಗಳು ನೂರಾರು ಇವೆ. ಹಿಂದೆ ಅವೂ ಸ್ಥಿರ ಅಳತೆಯವೇ ಆಗಿದ್ದವು. 2013ರಲ್ಲಿ ಬಂದ 4.0 ಆವೃತ್ತಿಯ ಹೊತ್ತಿಗೆ ಹೊಸ ಪದ್ಧತಿ ಶುರುವಾಯಿತು. ಅಳತೆ ಬರೆಯುವ ಬದಲು “ಇವೆರಡು ಅಕ್ಕಪಕ್ಕ ಇರಲಿ, ಬರಹ ಎಷ್ಟು ಉದ್ದವೋ ಅಷ್ಟು ಹಿಗ್ಗಲಿ” ಎಂದು ಸಂಬಂಧವನ್ನು ಬರೆಯುವುದು. ನೂರಾರು ಪೆಟ್ಟಿಗೆಗಳನ್ನು ಒಂದೊಂದಾಗಿ ಹೀಗೆ ಬದಲಿಸಲು ಅವರಿಗೆ ವರ್ಷಗಳೇ ಹಿಡಿದವು. ನಮೂನೆಯಲ್ಲಿ ಮೊದಲ ದಿನ ಮಾಡಿದ ಒಂದು ಊಹೆ ಸರಿಪಡಿಸಲು ಎಷ್ಟು ದುಬಾರಿ, ನೋಡಿ. ನಮ್ಮ ಗ್ರಂಥಾಲಯದ ಪೆಟ್ಟಿಗೆಯಲ್ಲಿ ನಾವು ಮೊದಲು ಕನ್ನಡ ಬರಹ ಹಾಕಿ, ಆಮೇಲೆ ಇಂಗ್ಲಿಷ್ ಹಾಕಿ ನೋಡಿದೆವು. ಕನ್ನಡಕ್ಕೆ ಹಿಡಿಸಿದ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಆರಾಮವಾಗಿ ಕೂರುತ್ತದೆ.

ಹಾಗೆಂದು ಬೇಸ್ ಕ್ಲಾಸ್‌ಗೆ ಎಲ್ಲವನ್ನೂ ತುರುಕಿದರೆ ಅದೂ ಕೆಡುತ್ತದೆ. ನಾವೂ ಆ ಆಸೆಗೆ ಬಿದ್ದೆವು. “ಎಲ್ಲಕ್ಕೂ ಒಂದು ಹುಡುಕುವ ಖಾನೆ ಇರಲಿ”, “ಪ್ರಿಂಟ್ ಬಟನ್ ಇರಲಿ, ಬೇಡದವರು ಅಡಗಿಸಿಕೊಳ್ಳಲಿ” ಎನ್ನುತ್ತಾ ಹೋದಂತೆ ನಮೂನೆ ದಪ್ಪಗಾಯಿತು. ಕೊನೆಗೆ ಅಳಿಸುವ ಪೆಟ್ಟಿಗೆಯಲ್ಲಿ ಏನನ್ನು ತೋರಿಸಬೇಕು ಎನ್ನುವುದಕ್ಕಿಂತ ಏನನ್ನು ಅಡಗಿಸಬೇಕು ಎಂಬ ಸಾಲುಗಳೇ ಹೆಚ್ಚಾದವು. ನಾಮಕರಣದ ಪತ್ರಿಕೆಯಲ್ಲಿ ‘ಮಾಂಗಲ್ಯಧಾರಣೆ’ ಎಂಬ ಸಾಲನ್ನು ಪ್ರತಿ ಸಲ ಹೊಡೆದು ಹಾಕಿದ ಹಾಗೆ! ಎಲ್ಲವನ್ನೂ ಕಿತ್ತುಹಾಕಿದೆವು. ಮೂರೂ ಪೆಟ್ಟಿಗೆಗಳಿಗೆ ಬೇಕಾದ್ದು ಮಾತ್ರ ಉಳಿಯಿತು, ಎಂಟರ್ ಕೀಲಿಯ ಕಾನೂನು ಸೇರಿದಂತೆ: ಅಳಿಸುವ, ಕಳೆಯುವ ಕೆಲಸವಿದ್ದಲ್ಲಿ ಎಂಟರ್ ಸುರಕ್ಷಿತ ಬಟನ್‌ಗೆ ಹೋಗಬೇಕು.

ಇದರ ಹಿಂದೆ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಬಾರ್ಬರಾ ಲಿಸ್ಕೋವ್ ಅವರ ಹೆಸರಿನ ಒಂದು ತತ್ವವಿದೆ. ಬೇಸ್ ಕ್ಲಾಸ್ ಏನು ಮಾತು ಕೊಟ್ಟಿದೆಯೋ ಅದನ್ನು ಮಕ್ಕಳೂ ಉಳಿಸಬೇಕು, ತಾಯಿ ಇರುವ ಜಾಗದಲ್ಲಿ ಮಗುವನ್ನು ಕೂರಿಸಿದರೆ ಕೆಲಸ ಕೆಡಬಾರದು ಎಂಬುದು ಅದರ ಸಾರ. ‘ಕ್ಯಾನ್ಸಲ್ ಎಂದರೆ ಏನೂ ಬದಲಾಗುವುದಿಲ್ಲ’ ಎಂದು ನಮೂನೆ ಮಾತು ಕೊಟ್ಟ ಮೇಲೆ, ಯಾವುದೋ ಒಂದು ಪೆಟ್ಟಿಗೆ ಕ್ಯಾನ್ಸಲ್‌ನಲ್ಲಿ ಗುಟ್ಟಾಗಿ ದಾಖಲೆ ಉಳಿಸಿದರೆ ಅದು ಮಾತು ಮುರಿದ ಹಾಗೆ.

ಈಗ ಆ ಫಾರ್ವರ್ಡ್‌ಗೆ ಮರಳೋಣ. ಮಾತು ಮುರಿಯುವುದನ್ನೇ ಕಸುಬು ಮಾಡಿಕೊಂಡವರ ಕಥೆ ಅದು.

ಇಂಟರ್ನೆಟ್ ನೋಡುವಾಗ “ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ” ಎಂದು ಬರುವ ಪೆಟ್ಟಿಗೆಗಳಲ್ಲಿ ಬಹಳಷ್ಟು, ವೆಬ್ ಪುಟದೊಳಗೆ ಬಿಡಿಸಿದ ಚಿತ್ರಗಳು. ಅವು ಯಾವ ಬೇಸ್ ಕ್ಲಾಸ್‌ನ ಮಕ್ಕಳೂ ಅಲ್ಲ. ಓಕೆ, ಕ್ಯಾನ್ಸಲ್, ಇಂಟು – ಮೂರೂ ಒಂದೇ ಲಿಂಕ್ ಆಗಿರಬಹುದು. ಹಾಗಾಗಿ ‘ಅಲ್ಲಿ ಏನನ್ನೂ ಒತ್ತಬೇಡಿ’ ಎಂಬ ಮಾತು ಸರಿಯೇ. ಆದರೆ ಒತ್ತಿದ ಕ್ಷಣಕ್ಕೆ ವೈರಸ್ ಬಂತು ಎಂಬುದು ಸಾಮಾನ್ಯವಾಗಿ ನಿಜವಲ್ಲ. ಅಪ್‌ಡೇಟ್ ಆಗಿರುವ ಬ್ರೌಸರ್‌ನಲ್ಲಿ ಒಂದು ಒತ್ತಿಗೆ ಆಗುವುದು ಬೇರೆ ಪುಟ ತೆರೆಯುವುದು, ಒಂದು ಫೈಲ್ ಡೌನ್‌ಲೋಡ್ ಆಗುವುದು, ಅಥವಾ ನೋಟಿಫಿಕೇಷನ್ ಕಳಿಸಲು ಅನುಮತಿ ಕೇಳುವುದು. ಆ ಫೈಲನ್ನು ನೀವು ತೆರೆದರೆ, ಆ ಅನುಮತಿಯನ್ನು ನೀವು ಕೊಟ್ಟರೆ ತೊಂದರೆ ಶುರು. “ಸ್ಕ್ಯಾನ್ ನಡೆಯುತ್ತಿದೆ, 40 ಪ್ರತಿಶತ…” ಎಂದು ಓಡುವ ಪಟ್ಟಿಯೂ ನಾಟಕವೇ. ವೆಬ್ ಪುಟವೊಂದು ನಿಮ್ಮ ಕಂಪ್ಯೂಟರಿನ ಫೈಲುಗಳನ್ನೆಲ್ಲ ಹೀಗೆ ತಡಕಾಡಿ ನೋಡಲು ಬ್ರೌಸರ್ ಬಿಡುವುದಿಲ್ಲ.

ಗುರುತಿಸುವ ಒಂದು ಸುಲಭ ಉಪಾಯ: ಪೆಟ್ಟಿಗೆಯ ಮೇಲ್ಪಟ್ಟಿಯನ್ನು ಹಿಡಿದು ಬ್ರೌಸರ್ ಕಿಟಕಿಯ ಆಚೆಗೆ ಎಳೆಯಲು ನೋಡಿ. ಅಥವಾ ಬ್ರೌಸರ್ ಕಿಟಕಿಯನ್ನೇ ಚಿಕ್ಕದು ಮಾಡಿ. ಚಿತ್ರವಾಗಿದ್ದರೆ ಅದು ಪುಟದ ಅಂಚು ದಾಟಿ ಹೊರಗೆ ಬರಲಾರದು. ಬ್ರೌಸರ್ ತಾನೇ ತೋರಿಸುವ ಸಂದೇಶ ಪೆಟ್ಟಿಗೆಗಳೂ ಒಳಗೇ ಉಳಿಯುತ್ತವೆ ನಿಜ, ಆದರೆ ಅವುಗಳ ತಲೆಯ ಮೇಲೆ ಯಾವ ವೆಬ್‌ಸೈಟ್ ಈ ಮಾತು ಹೇಳುತ್ತಿದೆ ಎಂಬ ವಿಳಾಸ ಇರುತ್ತದೆ. ಅದನ್ನು ಓದಿ. ಇಡೀ ಪರದೆ ತುಂಬಿಕೊಂಡಿದ್ದರೆ ಎಸ್ಕೇಪ್ ಕೀಲಿಯನ್ನು ಕೆಲವು ಕ್ಷಣ ಒತ್ತಿಹಿಡಿಯಿರಿ, ಇಲ್ಲವೇ ಎಫ್11 ಒತ್ತಿ. ಅದಕ್ಕೂ ಬಗ್ಗದಿದ್ದರೆ ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರನ್ನೇ ಮುಚ್ಚಿ. ಫೋನಿನಲ್ಲಾದರೆ ಇತ್ತೀಚೆಗೆ ತೆರೆದ ಆ್ಯಪ್‌ಗಳ ಪಟ್ಟಿಗೆ ಹೋಗಿ ಬ್ರೌಸರನ್ನು ಸರಿಸಿಬಿಡಿ. ಪ್ಲಗ್ ಕೀಳುವ ಅಗತ್ಯವಿಲ್ಲ. ಕಿತ್ತರೆ ಉಳಿಸದೆ ಬಿಟ್ಟಿದ್ದ ನಿಮ್ಮ ಕೆಲಸ ಹಾಳಾಗುತ್ತದೆ, ಅಷ್ಟೇ.

ವಿಂಡೋಸ್‌ನಲ್ಲಿ ಹೊಸ ಪ್ರೋಗ್ರಾಂ ಹಾಕುವಾಗ ಪರದೆ ಮಬ್ಬಾಗಿ, “ಈ ಆ್ಯಪ್‌ಗೆ ಬದಲಾವಣೆ ಮಾಡಲು ಬಿಡುತ್ತೀರಾ?” ಎಂಬರ್ಥದ ಪೆಟ್ಟಿಗೆ ಬರುತ್ತದಲ್ಲ, ಅದು ಬೇರೆ. ವಿಸ್ಟಾ ಆವೃತ್ತಿಯಿಂದ ಬಂದ ಏರ್ಪಾಡು ಅದು. ಮಬ್ಬಾಗುವುದು ಅಲಂಕಾರಕ್ಕಲ್ಲ, ಆ ಪೆಟ್ಟಿಗೆ ಪ್ರತ್ಯೇಕ ಪರದೆಯೊಂದರಲ್ಲಿ ತೆರೆದು, ಉಳಿದ ಸಾಮಾನ್ಯ ಪ್ರೋಗ್ರಾಂಗಳು ಅದರ ಬಟನ್‌ಗಳನ್ನು ತಾವೇ ಒತ್ತದಂತೆ ತಡೆಯುತ್ತದೆ. ನೀವಾಗಿ ಏನನ್ನೂ ಇನ್‌ಸ್ಟಾಲ್ ಮಾಡುತ್ತಿಲ್ಲದಾಗ ಅದು ಬಂದರೆ ‘ಇಲ್ಲ’ ಒತ್ತಿ.

ಒಂದು ಎಚ್ಚರಿಕೆ ಬಾಕಿ ಇದೆ. ಕೆಟ್ಟ ಪ್ರೋಗ್ರಾಂ ಆಗಲೇ ನಿಮ್ಮ ಕಂಪ್ಯೂಟರ್ ಒಳಗಿದ್ದರೆ, ಅದು ನಿಜವಾದ ಡೈಲಾಗನ್ನೇ ತೋರಿಸಿ ಕ್ಯಾನ್ಸಲ್ ಬಟನ್‌ಗೆ ಬೇಕಾದ ಕೆಲಸ ಕಟ್ಟಬಹುದು. ಬೇಸ್ ಕ್ಲಾಸ್ ಕೊಡುವುದು ಬರೆಯುವವರ ಶಿಸ್ತು, ಪೊಲೀಸ್ ಕಾವಲಲ್ಲ. ಆಗ ನೋಡಬೇಕಾದದ್ದು ಪೆಟ್ಟಿಗೆ ಏನು ಕೇಳುತ್ತಿದೆ ಎಂಬುದನ್ನು. ಫೋನ್ ನಂಬರ್ ಕೊಟ್ಟು “ಈ ಸಂಖ್ಯೆಗೆ ಕರೆ ಮಾಡಿ” ಎಂದರೆ ಮೋಸ ಎಂದೇ ತಿಳಿಯಿರಿ. ತನ್ನ ಎಚ್ಚರಿಕೆ ಸಂದೇಶಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಹಣ ಹೋಗುವುದು ಬಟನ್ ಒತ್ತಿದ್ದಕ್ಕಿಂತ ಹೆಚ್ಚಾಗಿ ಆ ಕರೆಯಿಂದ. ಅತ್ತ ಕಡೆಯವರು ನಯವಾಗಿ ಮಾತಾಡಿ, ರಿಪೇರಿ ನೆಪದಲ್ಲಿ ನಿಮ್ಮ ಪರದೆಯನ್ನು ದೂರದಿಂದ ನೋಡುವ ಆ್ಯಪ್ ಹಾಕಿಸಿ, ಬ್ಯಾಂಕ್ ಪುಟ ತೆರೆಸುತ್ತಾರೆ.

ಈಗಾಗಲೇ ಕರೆ ಮಾಡಿಬಿಟ್ಟಿದ್ದರೆ ನಾಚಿಕೊಂಡು ಕೂರಬೇಡಿ. ಮೊದಲು ಇಂಟರ್ನೆಟ್ ಸಂಪರ್ಕ ತೆಗೆಯಿರಿ, ಅವರು ಹಾಕಿಸಿದ ಆ್ಯಪ್ ಅನ್ನು ಕಿತ್ತುಹಾಕಿ. ಬೇರೆ ಫೋನ್ ಅಥವಾ ಕಂಪ್ಯೂಟರ್‌ನಿಂದ ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡ್ ಬದಲಿಸಿ. ಹಣ ಹೋಗಿದ್ದರೆ ಬ್ಯಾಂಕಿಗೂ, ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ಕೂಡಲೇ ಕರೆ ಮಾಡಿ. ಹಣ ಇನ್ನೊಂದು ಖಾತೆಯಿಂದ ಮುಂದಕ್ಕೆ ಸರಿಯುವ ಮೊದಲು ದೂರು ತಲುಪಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಆ ಪೆಟ್ಟಿಗೆಯ ಫೋಟೊ ತೆಗೆದಿಟ್ಟುಕೊಂಡಿದ್ದರೆ, ಅದರಲ್ಲಿರುವ ನಂಬರ್ ಸಮೇತ ದೂರಿನ ಜೊತೆ ಕೊಡಿ.